ಸೈಬರ್ ಭದ್ರತೆ ಕಲಿಯಲು ನಾನು ವೇದಿಕೆಗಳನ್ನು ಆರಿಸಿಕೊಂಡ ಬಗೆ

ಸೈಬರ್ ಭದ್ರತೆಯನ್ನು ಆರಂಭದಿಂದ ಕಲಿಯಲು ಹೊರಟಾಗ ಕಲಿಸುವ ಆನ್‌ಲೈನ್ ವೇದಿಕೆಗಳಿಗೆ ಬರವಿರಲಿಲ್ಲ. ಯಾವುದನ್ನು ಮೊದಲು ಹಿಡಿಯಬೇಕು ಎಂಬುದೇ ಪ್ರಶ್ನೆಯಾಗಿತ್ತು. ಪಾಠಗಳ ಸಂಖ್ಯೆ, ವೀಡಿಯೊಗಳ ಅವಧಿ, ಕೊನೆಯಲ್ಲಿ ಸಿಗುವ ಪ್ರಮಾಣಪತ್ರ ಇವೆಲ್ಲವನ್ನೂ ಬದಿಗಿಟ್ಟು ನಾನು ಒಂದೇ ಪರೀಕ್ಷೆಯನ್ನು ಇಟ್ಟುಕೊಂಡೆ. ಪಾಠ ಮುಗಿದ ಕೆಲವು ದಿನಗಳ ನಂತರ, ವಿವರಣೆಯನ್ನು ನೋಡದೆ, ಅದೇ ಕೆಲಸವನ್ನು ಸ್ವತಃ ಮಾಡಲು ಬಂದರೆ ಆ ವೇದಿಕೆ ನನಗೆ ಕಲಿಸಿದೆ ಎಂದು ಅರ್ಥ. ಬಾರದಿದ್ದರೆ ಅದು ನನಗೆ ಓದಿಸಿದೆ, ಅಷ್ಟೇ.

ಈ ಪರೀಕ್ಷೆಯಲ್ಲಿ ಮೊದಲು ಗೆದ್ದದ್ದು ಓವರ್‌ದಿವೈರ್ ತಾಣದ ‘ಬ್ಯಾಂಡಿಟ್’ ಎಂಬ ಹಂತ ಹಂತದ ಆಟ. ಇದು ಪೂರ್ತಿ ಉಚಿತ. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸಂಪರ್ಕ ಕಲ್ಪಿಸುವ ಎಸ್‌ಎಸ್‌ಎಚ್ ಮೂಲಕ 2220ನೇ ಪೋರ್ಟ್‌ನಲ್ಲಿ (ಸಂಪರ್ಕದ ಬಾಗಿಲಿನ ಸಂಖ್ಯೆ) ಅವರ ಸರ್ವರ್‌ಗೆ ಲಾಗಿನ್ ಆಗಿ, ಪ್ರತಿ ಹಂತದಲ್ಲೂ ಮುಂದಿನ ಹಂತದ ಪಾಸ್‌ವರ್ಡ್ ಹುಡುಕಬೇಕು. ಅಲ್ಲಿ ವೀಡಿಯೊ ಇಲ್ಲ, ಉಪನ್ಯಾಸವಿಲ್ಲ. ಗುರಿ ಏನು, ಯಾವ ಕಮಾಂಡ್‌ಗಳು ನೆರವಾಗಬಹುದು ಎಂಬಷ್ಟನ್ನೇ ತಿಳಿಸುತ್ತಾರೆ. ಆರಂಭದ ಒಂದು ಹಂತದಲ್ಲಿ ಪಾಸ್‌ವರ್ಡ್ ಇರುವ ಫೈಲಿನ ಹೆಸರು ಬರೀ ಒಂದು ಅಡ್ಡಗೆರೆ. ಫೈಲ್ ತೆರೆದು ತೋರಿಸುವ ‘ಕ್ಯಾಟ್’ ಕಮಾಂಡಿನ ಮುಂದೆ ಆ ಅಡ್ಡಗೆರೆಯನ್ನು ಬರೆದರೆ ಏನೂ ಕಾಣಿಸದೆ ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ಸುಮ್ಮನೆ ಕಾಯುತ್ತಾ ನಿಲ್ಲುತ್ತದೆ. ಕಾರಣವಿಷ್ಟೆ: ಒಂಟಿ ಅಡ್ಡಗೆರೆ ಎಂದರೆ ಕೀಲಿಮಣೆಯಿಂದ ಬರುವುದನ್ನು ಓದು ಎಂದು ಆ ಕಮಾಂಡ್ ಅರ್ಥಮಾಡಿಕೊಳ್ಳುತ್ತದೆ. ಹೆಸರಿನ ಆರಂಭದಲ್ಲಿ ಒಂದು ಚುಕ್ಕಿ, ಒಂದು ಓರೆಗೆರೆ ಸೇರಿಸಿ, ‘ಈ ಡೈರೆಕ್ಟರಿಯಲ್ಲಿರುವ ಫೈಲ್’ ಎಂದು ಸ್ಪಷ್ಟಪಡಿಸಿದ ಕೂಡಲೇ ಪಾಸ್‌ವರ್ಡ್ ಬರುತ್ತದೆ. ನಾವು ಬರೆದದ್ದನ್ನು ಪ್ರೋಗ್ರಾಮ್ ಬೇರೆಯದೇ ಆಗಿ ಅರ್ಥಮಾಡಿಕೊಳ್ಳಬಲ್ಲದು ಎಂಬ ಅರಿವು ಭದ್ರತೆಯ ಅರ್ಧ ವಿದ್ಯೆ ಎಂದೇ ನಾನು ನಂಬಿದ್ದೇನೆ, ಮತ್ತು ಅದು ಇಷ್ಟು ಬೇಗ, ಇಷ್ಟು ಸರಳವಾಗಿ ಸಿಗುವ ಜಾಗ ನನಗೆ ಬೇರೆ ಕಂಡಿಲ್ಲ.

ನೆಟ್‌ವರ್ಕ್, ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಸಂಖ್ಯಾ ವಿಳಾಸ ಹುಡುಕುವ ವ್ಯವಸ್ಥೆ), ಎಚ್‌ಟಿಟಿಪಿ (ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮ) ಮುಂತಾದವುಗಳಿಗೆ ಮಾತ್ರ ವಿವರಣೆಯೇ ಬೇಕಾಗುತ್ತದೆ. ಅದಕ್ಕಾಗಿ ಟ್ರೈಹ್ಯಾಕ್‌ಮಿ ಎಂಬ ವೇದಿಕೆಯನ್ನು ಆರಿಸಿಕೊಂಡೆ. ಅಲ್ಲಿ ಪ್ರತಿ ವಿಷಯವೂ ಒಂದು ‘ರೂಮ್’. ಸ್ವಲ್ಪ ಓದು, ನಂತರ ಪ್ರಶ್ನೆ, ಜೊತೆಗೆ ಬ್ರೌಸರಿನಲ್ಲೇ ತೆರೆಯುವ ಲಿನಕ್ಸ್ ಯಂತ್ರ. ಸ್ವಂತ ಕಂಪ್ಯೂಟರಿನಲ್ಲಿ ಏನನ್ನೂ ಸ್ಥಾಪಿಸದೆ ಕೆಲಸ ಶುರುಮಾಡಬಹುದು ಎಂಬುದು ಹೊಸಬರಿಗೆ ದೊಡ್ಡ ಅನುಕೂಲ. ಆದರೆ ಉತ್ತರ ಎಷ್ಟು ಅಕ್ಷರದ್ದು ಎಂಬ ಸುಳಿವು ಖಾಲಿ ಜಾಗದಲ್ಲೇ ಇರುವುದರಿಂದ, ಕೆಲಸ ಮಾಡದೆ ಮೇಲಿನ ಪಠ್ಯದಿಂದ ಪದವನ್ನು ಹೆಕ್ಕಿ ತುಂಬಿಸಿ ಮುಂದೆ ಹೋಗಲೂ ಸಾಧ್ಯವಿದೆ. ಆದ್ದರಿಂದ ರೂಮ್ ಮುಗಿದ ಮೇಲೆ ಯಂತ್ರವನ್ನು ಹೊಸದಾಗಿ ಆರಂಭಿಸಿ, ನನ್ನ ಟಿಪ್ಪಣಿಯನ್ನಷ್ಟೇ ಇಟ್ಟುಕೊಂಡು ಮತ್ತೊಮ್ಮೆ ಮಾಡುವುದನ್ನು ರೂಢಿಸಿಕೊಂಡೆ. ಟಿಪ್ಪಣಿ ಎಲ್ಲಿ ಸಾಲದೋ ಅಲ್ಲಿಗೆ ಮಾತ್ರ ಪಾಠಕ್ಕೆ ಮರಳುತ್ತಿದ್ದೆ.

ವೆಬ್ ಭದ್ರತೆಗೆ ಪೋರ್ಟ್‌ಸ್ವಿಗರ್ ಸಂಸ್ಥೆಯ ವೆಬ್ ಸೆಕ್ಯುರಿಟಿ ಅಕಾಡೆಮಿಗಿಂತ ಉತ್ತಮವಾದುದನ್ನು ನಾನು ಬಳಸಿಲ್ಲ, ಅದೂ ಉಚಿತವೇ. ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಡೇಟಾಬೇಸಿಗೆ ಹೋಗುವ ಪ್ರಶ್ನೆಯೊಳಗೆ ನಮ್ಮ ಮಾತನ್ನು ನುಸುಳಿಸುವ ದಾಳಿ; ಅದರ ಮೊದಲ ಲ್ಯಾಬಿನಲ್ಲಿ (ಅಭ್ಯಾಸದ ತಾಣದಲ್ಲಿ) ಒಂದು ಅಂಗಡಿಯ ಪುಟವಿದೆ. ವಸ್ತುಗಳ ವರ್ಗವನ್ನು ವಿಳಾಸದ ಸಾಲಿನಿಂದ ತೆಗೆದುಕೊಂಡು ಸರ್ವರ್ ನೇರವಾಗಿ ಡೇಟಾಬೇಸಿನ ಪ್ರಶ್ನೆಗೆ ಸೇರಿಸುತ್ತದೆ. ಬಿಡುಗಡೆಯಾದ ವಸ್ತುಗಳನ್ನಷ್ಟೇ ತೋರಿಸು ಎಂಬ ಷರತ್ತು ಅದರ ಬೆನ್ನಿಗಿದೆ. ವರ್ಗದ ಹೆಸರಿನ ನಂತರ ಒಂಟಿ ಉದ್ಧರಣ ಚಿಹ್ನೆ, ಸದಾ ನಿಜವಾಗುವ ಒಂದು ಷರತ್ತು, ಮತ್ತು ಉಳಿದದ್ದನ್ನು ಡೇಟಾಬೇಸ್ ಬರೀ ಟಿಪ್ಪಣಿಯೆಂದು ಕಡೆಗಣಿಸುವಂತೆ ಮಾಡುವ ಎರಡು ಅಡ್ಡಗೆರೆಗಳನ್ನು ಸೇರಿಸಿದರೆ ಬಚ್ಚಿಟ್ಟ ವಸ್ತುಗಳೂ ಪುಟದ ಮೇಲೆ ಬರುತ್ತವೆ. ಬ್ಯಾಂಡಿಟ್‌ನ ಅಡ್ಡಗೆರೆ ಕಲಿಸಿದ ತತ್ತ್ವವೇ ಇಲ್ಲೂ ಇದೆ ಎಂದು ಗುರುತಿಸಿದ ಗಳಿಗೆಯಲ್ಲಿ ನನಗೆ ನಿಜವಾದ ಸಂತೋಷವಾಯಿತು. ಅದೇ ವಿಷಯದ ಮುಂದಿನ ಲ್ಯಾಬ್‌ಗಳು ಒಂದೊಂದೇ ಊರುಗೋಲನ್ನು ತೆಗೆಯುತ್ತಾ ಹೋಗುತ್ತವೆ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೊಸಿಟಿಎಫ್ ಎಂಬ ಭದ್ರತಾ ಒಗಟುಗಳ ಸ್ಪರ್ಧಾತಾಣ ಬಿಡುವಿನ ಅಭ್ಯಾಸಕ್ಕೆ ಒಳ್ಳೆಯದು. ಹ್ಯಾಕ್ ದಿ ಬಾಕ್ಸ್ ವೇದಿಕೆಯ, ಭೇದಿಸಿ ಒಳಹೋಗಬೇಕಾದ ಅಭ್ಯಾಸದ ಯಂತ್ರಗಳನ್ನು ಆಮೇಲಕ್ಕೆ ಉಳಿಸಿಕೊಂಡೆ. ‘ಸುಲಭ’ ಎಂಬ ಗುರುತಿದ್ದರೂ ಅವು ಮೇಲಿನ ಅಡಿಪಾಯವನ್ನು ನಿರೀಕ್ಷಿಸುತ್ತವೆ. ದಾಳಿಗಿಂತ ರಕ್ಷಣೆಯ ಕೆಲಸದಲ್ಲಿ, ಅಂದರೆ ಲಾಗ್‌ಗಳ (ವ್ಯವಸ್ಥೆಯಲ್ಲಿ ನಡೆದದ್ದರ ದಾಖಲೆಗಳ) ಪರಿಶೀಲನೆ ಮತ್ತು ಎಚ್ಚರಿಕೆಗಳ ವಿಶ್ಲೇಷಣೆಯಲ್ಲಿ, ಆಸಕ್ತಿ ಇರುವವರಿಗೆ ಕೋರ್ಸೆರಾದಲ್ಲಿ 2023ರಲ್ಲಿ ಬಂದ ಗೂಗಲ್‌ನ ಪ್ರಮಾಣಪತ್ರ ಕೋರ್ಸ್ ಹೆಚ್ಚು ಹೊಂದುತ್ತದೆ.

ಚಂದಾ ಕಟ್ಟುವಾಗ ತಿಂಗಳ ಲೆಕ್ಕದಲ್ಲೇ ಕಟ್ಟಿದೆ, ಅದೂ ಉಚಿತ ಭಾಗವನ್ನು ಮುಗಿಸಿದ ಮೇಲೆ. ಕಲಿತದ್ದನ್ನು ವೇದಿಕೆ ಒದಗಿಸಿದ ಯಂತ್ರಗಳ ಮೇಲೆ, ಇಲ್ಲವೇ ನನ್ನದೇ ಕಂಪ್ಯೂಟರಿನಲ್ಲಿ ಹಾಕಿಕೊಂಡ ಜ್ಯೂಸ್ ಶಾಪ್‌ನಂತಹ, ಬೇಕೆಂದೇ ದೋಷಗಳನ್ನು ಇಟ್ಟಿರುವ ಅಭ್ಯಾಸದ ತಂತ್ರಾಂಶದ ಮೇಲೆ ಮಾತ್ರ ಪ್ರಯೋಗಿಸುತ್ತೇನೆ; ಒಡೆಯರ ಅನುಮತಿ ಇಲ್ಲದ ತಾಣದ ಮೇಲೆ ಒಂದು ಉದ್ಧರಣ ಚಿಹ್ನೆಯನ್ನೂ ಹಾಕಿ ನೋಡುವುದಿಲ್ಲ.