ಅಪ್ಪನ ಹಳೆಯ ಮನೆಗೆ ಹೊಸ ಮನೆಯ ತೆರಿಗೆ: ನನ್ನ ಅನುಭವ

ಧಾರವಾಡದಲ್ಲಿರುವ ಅಪ್ಪನ 1978ರ ಮನೆಗೆ ಆಸ್ತಿ ತೆರಿಗೆ ಹೊಸ ಕಟ್ಟಡದಷ್ಟೇ ಬರುತ್ತಿತ್ತು. ಹಿರಿಯ ನಾಗರಿಕರ ಚೀಟಿ ತೋರಿಸಿದೆ, ಇಳಿಯಲಿಲ್ಲ. ಹಳೆಯ ರಸೀದಿಗಳ ಕಟ್ಟನ್ನೂ ಹೊತ್ತೊಯ್ದೆ, ಅದೂ ವ್ಯರ್ಥ. ಲೆಕ್ಕಕ್ಕೆ ಬರುವುದು ಮನೆಯ ವಯಸ್ಸು, ಮಾಲೀಕರದ್ದಲ್ಲ!

ತಪ್ಪು ನನ್ನದೇ. ಸ್ವಯಂ ಘೋಷಣೆಯ ನಮೂನೆಯಲ್ಲಿ, 2016ರಲ್ಲಿ ಮಹಡಿಯ ಮೇಲೆ ಕಟ್ಟಿಸಿದ ಒಂದು ಕೋಣೆಯ ವರ್ಷವನ್ನೇ ಇಡೀ ಮನೆಗೆ ಬರೆದಿದ್ದೆ. ಹಾಗಾಗಿ ಸವಕಳಿ, ಅಂದರೆ ಕಟ್ಟಡ ಹಳೆಯದಾದಂತೆ ಅದರ ಮೌಲ್ಯದಲ್ಲಿ ಕಳೆಯುವ ಪಾಲು, ಕಡಿಮೆಯಾಗಿ ಕಟ್ಟಡದ ಮೌಲ್ಯ ಏರಿತ್ತು.

ಈ ಸಲ ನೆಲಮಹಡಿಗೆ ಒಂದು ಸಾಲು, ಮೇಲಿನ ಕೋಣೆಗೆ ಇನ್ನೊಂದು. ಪ್ರತಿಯೊಂದಕ್ಕೂ ಅದರದೇ ಅಳತೆ, ಅದರದೇ ನಿರ್ಮಾಣ ವರ್ಷ. ಜೊತೆಗೆ ಕಟ್ಟಡ ಪರವಾನಗಿಯ ನಕಲು, ಖಾತಾ ಉತಾರ. ತಿದ್ದುಪಡಿ ಮೊದಲು, ಹಣ ಆಮೇಲೆ. ಏಪ್ರಿಲ್ ಮುಗಿಯುವುದರೊಳಗೆ ವರ್ಷದ ತೆರಿಗೆಯನ್ನು ಪೂರ್ತಿ ಕಟ್ಟಿದ್ದರಿಂದ ಶೇ 5 ರಿಯಾಯಿತಿಯೂ ಸಿಕ್ಕಿತು.