ಡುಂಗಾನನ್ನು ನೋಡಿ ನಡುಮೈದಾನ ಕಲಿತದ್ದು

ಬ್ರೆಜಿಲ್ ಅಂದ್ರೆ ಎಲ್ಲರಿಗೂ ಗೋಲು ಹೊಡೆಯುವವರೇ ನೆನಪಾಗುತ್ತಾರೆ. ಪೆಲೆ, ಜೀಕೊ, ರೊಮಾರಿಯೊ, ರೊನಾಲ್ಡೊ. ನನಗೆ ಮೊದಲು ನೆನಪಾಗುವುದು 1994ರ ವರ್ಲ್ಡ್ ಕಪ್ ತಂಡದ ಎಂಟನೇ ನಂಬರಿನವ. ಕಾರ್ಲೋಸ್ ಕಾಯೆತಾನೊ ಬ್ಲೆಡೋರ್ನ್ ವೆರಿ ಅಂತ ಪೂರ್ತಿ ಹೆಸರು. ಊರಿಗೆಲ್ಲ ಡುಂಗಾ. ನಮ್ಮ ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ವರ್ಲ್ಡ್ ಕಪ್ ಬಂದರೆ ಬೀದಿಯೆಲ್ಲ ಹಳದಿ-ಹಸಿರು. ಅಲ್ಲಿ ನಿಂತು ‘ನನ್ನ ಆಟಗಾರ ಡುಂಗಾ’ ಅಂದರೆ ಜನ ಈಗಲೂ ನಗುತ್ತಾರೆ. ನಗಲಿ ಬಿಡಿ.

ನಾನು ಬೆಂಗಳೂರಿನ ಲೀಗ್‌ನಲ್ಲಿ, ಕೆಳಗಿನ ಡಿವಿಷನ್‌ಗಳಲ್ಲಿ ಆಡಿದವನು. ಈಗ ಸಂಜೆ ಹೊತ್ತು ಹುಡುಗರಿಗೆ ಹೇಳಿಕೊಡುತ್ತೇನೆ. ಆಡಿದ್ದು ಡಿಫೆನ್ಸ್‌ನ ಮುಂದಿನ ಜಾಗದಲ್ಲಿ. ಆ ಜಾಗಕ್ಕೆ ನಮ್ಮಲ್ಲಿ ಯಾರನ್ನು ಹಾಕುತ್ತಿದ್ದರು ಗೊತ್ತಾ? ಚೆನ್ನಾಗಿ ಓಡುವವನನ್ನು, ಕಾಲಿಗೆ ಕಾಲು ಕೊಡೋಕೆ ಹೆದರದವನನ್ನು. ‘ಅವನ ಹಿಂದೆ ಹೋಗು, ಬಾಲ್ ಕಿತ್ಕೊ, ಪಕ್ಕದವನಿಗೆ ಕೊಡು’ — ಕೋಚಿಂಗ್ ಅಷ್ಟೇ. ಮಿಕ್ಕಿದ್ದನ್ನು ನಾನು ಕಲಿತದ್ದು ವಿಸಿಆರ್ ಮುಂದೆ ಕೂತು.

1994ರ ಫೈನಲ್ ನಮಗೆ ಬಂದದ್ದು ಜುಲೈ 18ರ ನಡುರಾತ್ರಿ ಒಂದು ಗಂಟೆಗೆ. ಪ್ಯಾಸಡೀನಾದ ರೋಸ್ ಬೌಲ್‌ನಲ್ಲಿ ಆಗ 17ರ ಮಧ್ಯಾಹ್ನ, ಸುಡು ಬಿಸಿಲು. ಇಟಲಿ ಎದುರು 120 ನಿಮಿಷ, ಗೋಲೇ ಇಲ್ಲ. ಸುಮಾರು ಜನ ಅದನ್ನು ಬೋರು ಹೊಡೆಸಿದ ಫೈನಲ್ ಅಂತಾರೆ. ನನ್ನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಆಟ ಇನ್ನೊಂದಿಲ್ಲ. ಗೆಳೆಯನ ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ಸಿಕ್ಕಿತು. ಅದನ್ನು ಎಷ್ಟು ಸಲ ಹಾಕಿದೆನೋ ಲೆಕ್ಕ ಇಟ್ಟಿಲ್ಲ. ಬಾಲ್ ನೋಡಬಾರದು, ಡುಂಗಾನನ್ನು ಮಾತ್ರ ನೋಡಬೇಕು. ಅದೊಂದೇ ನಿಯಮ.

ಹೇಳುವಷ್ಟು ಸುಲಭ ಅಲ್ಲ ಅದು. ಟಿವಿ ಕ್ಯಾಮೆರಾ ಬಾಲ್ ಹಿಂದೆಯೇ ಹೋಗುತ್ತದೆ. ನಮ್ಮವನು ಅರ್ಧ ಹೊತ್ತು ಪರದೆಯ ಹೊರಗೆ. ಹಾಗಾಗಿ ಅವನು ಪರದೆಯೊಳಗೆ ಬರುವ ಕ್ಷಣವನ್ನು ಹಿಡಿಯತೊಡಗಿದೆ. ಯಾವ ಕಡೆಯಿಂದ ಬಂದ? ಓಡುತ್ತಾ ಬಂದನಾ, ನಡೆಯುತ್ತಾ? ಮೈ ಯಾವ ಕಡೆ ತಿರುಗಿತ್ತು? ಸ್ವಲ್ಪ ದಿನದಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಡುಂಗಾ ಪರದೆಯೊಳಗೆ ದೌಡಾಯಿಸಿ ಬರುವುದು ತೀರಾ ಕಡಿಮೆ. ಹೆಚ್ಚಿನ ಸಲ ಕ್ಯಾಮೆರಾ ಅಲ್ಲಿಗೆ ತಿರುಗುವ ಹೊತ್ತಿಗೆ ಅವನು ಆಗಲೇ ಅಲ್ಲಿ ನಿಂತಿರುತ್ತಾನೆ. ಮೈ ಅರ್ಧ ಓರೆ. ಒಂದು ಕಣ್ಣು ಬಾಲ್ ಮೇಲೆ, ಇನ್ನೊಂದು ತನ್ನ ಬೆನ್ನ ಹಿಂದೆ ಸುಳಿಯುತ್ತಿರುವ ಎದುರಾಳಿಯ ಮೇಲೆ.

ಹೆಗಲ ಮೇಲಿಂದ ಹಿಂದೆ ನೋಡುವ ಈ ಅಭ್ಯಾಸವನ್ನೇ ನಾನು ಮೊದಲು ಕದ್ದದ್ದು. ಬಾಲ್ ನನ್ನ ಕಡೆ ಬರುವ ಮೊದಲು ಒಂದು ಸಲ, ಬರುತ್ತಿರುವಾಗ ಇನ್ನೊಂದು ಸಲ. ಎರಡನೇ ನೋಟದ ಹೊತ್ತಿಗೆ ಬಾಲ್ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಆಗಿರಬೇಕು. ನಮ್ಮ ಮಣ್ಣಿನ ಗ್ರೌಂಡಿನಲ್ಲಿ ಇದಕ್ಕೆ ಧೈರ್ಯ ಬೇಕು. ಬಾಲ್ ಕಲ್ಲಿಗೆ ಬಡಿದು ಎಲ್ಲಿಗೆ ಪುಟಿಯುತ್ತೋ ಗೊತ್ತಿಲ್ಲ, ಕಣ್ಣು ತೆಗೆದರೆ ಮೊಣಕಾಲಿಗೇ ಬೀಳುತ್ತದೆ. ಅದಕ್ಕೆ ನಾನು ಮಾಡುತ್ತಿದ್ದ ಕಸರತ್ತು ಇದು: ಗೋಡೆಗೆ ಬಾಲ್ ಹೊಡೆದು, ಅದು ವಾಪಸ್ ಬರುವಷ್ಟರಲ್ಲಿ ಹಿಂದೆ ತಿರುಗಿ ನೋಡುವುದು. ಹಿಂದೆ ತಮ್ಮನನ್ನು ನಿಲ್ಲಿಸಿ ಕೈ ಎತ್ತೋಕೆ ಹೇಳುತ್ತಿದ್ದೆ. ಎಡಗೈ ಎತ್ತಿದರೆ ಬಾಲನ್ನು ಬಲಕ್ಕೆ ತಿರುಗಿಸಬೇಕು, ಬಲಗೈ ಎತ್ತಿದರೆ ಎಡಕ್ಕೆ. ತಮ್ಮನಿಗೆ ಬೇಜಾರಾಗಿ ಎರಡೂ ಕೈ ಎತ್ತುತ್ತಿದ್ದ. ಈ ಕಸರತ್ತನ್ನೇ ಈಗ ಹುಡುಗರ ಹತ್ತಿರ ಮಾಡಿಸುತ್ತೇನೆ.

ಎರಡನೆಯದು ಜಾಗ ಹಂಚಿಕೊಳ್ಳುವುದು. 1994ರ ಬ್ರೆಜಿಲ್‌ನಲ್ಲಿ ಡುಂಗಾನ ಪಕ್ಕ ಮಾವ್ರೊ ಸಿಲ್ವಾ ಇದ್ದ. ಎರಡೂ ಬದಿಯ ಡಿಫೆಂಡರ್‌ಗಳು, ಅಂದರೆ ಫುಲ್ ಬ್ಯಾಕ್‌ಗಳು, ಮೇಲೆ ಹೋಗುವುದು ಬ್ರೆಜಿಲ್‌ನವರ ಚಾಳಿ. ಜೊರ್ಜಿನ್ಯೊ ಹೋದ, ಬ್ರಾಂಕೊ ಹೋದ, ಹಿಂದೆ ಬಯಲು. ಆಗ ಮಾವ್ರೊ ಸಿಲ್ವಾ ನಡುವಿನ ಇಬ್ಬರು ಡಿಫೆಂಡರ್‌ಗಳ (ಸ್ಟಾಪರ್‌ಗಳ) ಹತ್ತಿರಕ್ಕೆ ಇಳಿಯುತ್ತಾನೆ. ಡುಂಗಾ ಸ್ವಲ್ಪ ಮುಂದೆ ನಿಂತು ಬಾಲ್ ಹಂಚುತ್ತಾನೆ. ಅಂದರೆ ಅವನು ಬರೀ ಕಡಿಯುವವನಲ್ಲ, ತಂಡದ ಆಟ ಶುರುವಾಗುತ್ತಿದ್ದದ್ದೇ ಅವನ ಕಾಲಿನಿಂದ. ಕ್ಯಾಮರೂನ್ ಎದುರಿನ ಗುಂಪಿನ ಪಂದ್ಯದಲ್ಲಿ ರೊಮಾರಿಯೊ ಹೊಡೆದ ಗೋಲು ನೋಡಿ. ಡಿಫೆಂಡರ್‌ಗಳ ನಡುವೆ ಸೀಳಿಕೊಂಡು ಹೋದ ಆ ಪಾಸು ಡುಂಗಾನದು. ಗೋಲಿನ ತುಣುಕು ತೋರಿಸುವಾಗ ಎಲ್ಲರ ಕಣ್ಣು ರೊಮಾರಿಯೊ ಮೇಲೆ. ಪಾಸು ಯಾರದು ಅಂತ ಕೇಳಿದರೆ ನೂರಕ್ಕೆ ತೊಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ.

ಇಂಥವನನ್ನೇ ಬ್ರೆಜಿಲ್‌ನ ಪತ್ರಿಕೆಗಳು ನಾಲ್ಕು ವರ್ಷ ಹುರಿದು ಮುಕ್ಕಿದ್ದವು. 1990ರ ವರ್ಲ್ಡ್ ಕಪ್‌ನಲ್ಲಿ ಕೋಚ್ ಲಜರೋನಿ ಮೂವರು ಸೆಂಟ್ರಲ್ ಡಿಫೆಂಡರ್‌ಗಳನ್ನು ಇಟ್ಟು ಆಡಿಸಿದರು. ಟ್ಯೂರಿನ್‌ನಲ್ಲಿ ಅರ್ಜೆಂಟೀನಾ ಎದುರು ಆಟವೆಲ್ಲ ಬ್ರೆಜಿಲ್‌ನದೇ. ಕೊನೆಯ ಹತ್ತು ನಿಮಿಷ ಇರುವಾಗ ಮರಡೋನ ನಡುಮೈದಾನದಿಂದ ನುಗ್ಗಿ ಕನಿಜಿಯಾಗೆ ಒಂದು ಪಾಸು ಕೊಟ್ಟ, ಮುಗಿಯಿತು. ಆ ಸೋಲಿಗೂ, ಆ ಅಂದಗೆಟ್ಟ ಆಟಕ್ಕೂ ‘ಡುಂಗಾ ಯುಗ’ ಅಂತಲೇ ಹೆಸರಿಟ್ಟರು. ತಂಡ ಕಟ್ಟಿದವರು ಬೇರೆ, ಬೈಗುಳ ಇವನಿಗೆ. ನಮ್ಮ ಜಾಗದಲ್ಲಿ ಆಡುವವರ ಹಣೆಬರಹವೇ ಅಷ್ಟು ಅಲ್ವಾ? ಗೆದ್ದರೆ ಸ್ಟ್ರೈಕರ್ ಗೆಲ್ಲಿಸಿದ, ಸೋತರೆ ನಡುವೆ ನಿಂತವನು ಏನು ಮಾಡುತ್ತಿದ್ದ ಅಂತ.

1994ಕ್ಕೆ ಅವನು ಹೋದದ್ದೂ ಕ್ಯಾಪ್ಟನ್ ಆಗಿ ಅಲ್ಲ. ಕ್ಯಾಪ್ಟನ್ ಪಟ್ಟಿ ರಾಯಿಯ ತೋಳಿನಲ್ಲಿತ್ತು. ಗುಂಪಿನ ಪಂದ್ಯಗಳು ಮುಗಿದ ಮೇಲೆ ಕೋಚ್ ಪರೈರಾ ರಾಯಿಯನ್ನು ಹೊರಗೆ ಕೂರಿಸಿ ಮಜಿನ್ಯೊನನ್ನು ತಂದರು. ಪಟ್ಟಿ ಡುಂಗಾನ ತೋಳಿಗೆ ಬಂತು. ಜುಲೈ 4ರಂದು ಅಮೆರಿಕದ ಎದುರು ಲಿಯೊನಾರ್ಡೊ ಮೊಣಕೈ ಬೀಸಿ ಕೆಂಪು ಕಾರ್ಡ್ ತಗೊಂಡ. ಹತ್ತೇ ಜನ, ಎದುರಿಗೆ ಆತಿಥೇಯರು, ಅವರ ರಾಷ್ಟ್ರೀಯ ದಿನ ಬೇರೆ. ಆ ಪಂದ್ಯದ ಎರಡನೇ ಅರ್ಧವನ್ನು ನಾನು ಹುಡುಗರಿಗೆ ತೋರಿಸುತ್ತೇನೆ. ಡುಂಗಾನ ಕೈ ಸುಮ್ಮನಿರುವುದೇ ಇಲ್ಲ. ಮುಂದೆ ಹೋಗು, ಇಲ್ಲಿ ನಿಲ್ಲು, ನಿಧಾನ, ಅವನನ್ನು ಹಿಡಿ. ಬೆಬೆಟೊ ಒಂದು ಗೋಲು ಹೊಡೆದ, 1-0.

ಈ ಕೂಗುವುದು ಇದೆಯಲ್ಲ, ಅದು ನನ್ನ ಮೂರನೆಯ ಪಾಠ. ಡಿಫೆನ್ಸ್‌ನ ಮುಂದೆ ನಿಂತವನಿಗೆ ಇಡೀ ಆಟ ಕಾಣುತ್ತದೆ. ಸ್ಟ್ರೈಕರ್‌ಗೆ ಬೆನ್ನ ಹಿಂದೆ ಏನು ಅಂತ ಗೊತ್ತಿರುವುದಿಲ್ಲ. ಹಾಗಾಗಿ ಬಾಯಿ ಬಿಡುವುದು ನಮ್ಮ ಡ್ಯೂಟಿ. ‘ಮ್ಯಾನ್ ಆನ್’ (ಹಿಂದೆ ಎದುರಾಳಿ ಇದ್ದಾನೆ), ‘ಟೈಮ್ ಇದೆ’, ‘ತಿರುಗು’, ‘ಬಿಡು ಬಿಡು’. ಬೆಂಗಳೂರಿನ ಗ್ರೌಂಡ್‌ನಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಉರ್ದು ಎಲ್ಲ ಕಲಸಿ ಕೂಗಬೇಕು. ಚಿಕ್ಕ ಮಾತು, ಬಾಲ್ ತಲುಪುವ ಮೊದಲು ತಲುಪುವ ಮಾತು. ಬಾಲ್ ಹೋದ ಮೇಲೆ ಕೂಗಿದರೆ ಅದು ಬೈಗುಳ, ಸಹಾಯ ಅಲ್ಲ.

ಡುಂಗಾ ಅದನ್ನೂ ಧಾರಾಳವಾಗಿ ಮಾಡುತ್ತಿದ್ದ ಅನ್ನಿ. 1998ರ ವರ್ಲ್ಡ್ ಕಪ್‌ನಲ್ಲಿ ಮೊರಾಕ್ಕೊ ಎದುರು ಗೆಲ್ಲುತ್ತಿರುವಾಗಲೇ ಬೆಬೆಟೊ ಮೇಲೆ ಮೈದಾನದಲ್ಲೇ ಎಗರಾಡಿದ. ಜಗತ್ತೇ ನೋಡಿತು. ಅದನ್ನು ನಾನು ಅನುಸರಿಸಲಿಲ್ಲ, ಹುಡುಗರಿಗೂ ಬೇಡ ಅಂತೇನೆ. ವರ್ಲ್ಡ್ ಕಪ್ ಗೆದ್ದವನ ಬೈಗುಳವನ್ನು ಬೆಬೆಟೊ ನುಂಗಿಕೊಳ್ಳಬಹುದು. ಹದಿನಾಲ್ಕು ವರ್ಷದ ಹುಡುಗ ಮಾರನೇ ದಿನ ಗ್ರೌಂಡಿಗೇ ಬರುವುದಿಲ್ಲ. ಆದರೆ ಜಪಾನ್‌ನಲ್ಲಿ ಅವನ ಈ ಗದರುವಿಕೆ ಕೆಲಸ ಮಾಡಿತು ಅನ್ನುವುದೂ ನಿಜ. 1995ರಲ್ಲಿ ಅಲ್ಲಿನ ಜುಬಿಲೊ ಇವಾಟಾ ಕ್ಲಬ್ ಸೇರಿದ. 1997ರಲ್ಲಿ ಆ ತಂಡ ಜೆ ಲೀಗ್ ಗೆದ್ದಿತು, ವರ್ಷದ ಆಟಗಾರನೂ ಇವನೇ. ನನಾಮಿ, ಫುಕುನಿಶಿ ಥರದ ಹುಡುಗರು ಅವನ ಪಕ್ಕದಲ್ಲಿ ಬೆಳೆದರು.

ಪೆನಾಲ್ಟಿ ವಿಷಯ ಹೇಳದಿದ್ದರೆ ಆಗಲ್ಲ. ರೋಸ್ ಬೌಲ್‌ನಲ್ಲಿ ಮೂರು ಮೂರು ಹೊಡೆತ ಆದಾಗ 2-2. ಇಟಲಿಯ ನಾಲ್ಕನೆಯದು ಮಸ್ಸಾರೊನದು, ಬ್ರೆಜಿಲ್‌ನ ಗೋಲ್‌ಕೀಪರ್ ಟಫರೆಲ್ ತಡೆದ. ಈಗ ಡುಂಗಾ. ಹೊಡೆದರೆ ಮುನ್ನಡೆ, ತಪ್ಪಿದರೆ ‘ಡುಂಗಾ ಯುಗ’ದ ಎರಡನೇ ಅಧ್ಯಾಯ ಬರೆಯಲು ಪತ್ರಿಕೆಯವರು ಪೆನ್ನು ಹಿಡಿದು ಕೂತಿದ್ದಾರೆ. ಹೊಡೆದ, ಗೋಲು. ಆಮೇಲೆ ಬಂದವನು ಇಟಲಿಯ ರೊಬೆರ್ಟೊ ಬಾಜೊ. ಇಟಲಿಯ ಫಿಯೊರೆಂಟಿನಾ ಕ್ಲಬ್‌ನಲ್ಲಿ ಡುಂಗಾ, ಬಾಜೊ ಇಬ್ಬರೂ ಒಂದೇ ಜೆರ್ಸಿ ಹಾಕಿ ಆಡಿದವರು. ಬಾಜೊ ಬಾರಿನ ಮೇಲೆ ಹೊಡೆದ. 24 ವರ್ಷದ ಮೇಲೆ ಬ್ರೆಜಿಲ್‌ಗೆ ಕಪ್. ಅಮೆರಿಕದ ಉಪಾಧ್ಯಕ್ಷ ಅಲ್ ಗೋರ್ ಕೊಟ್ಟದ್ದನ್ನು ಎತ್ತಿ ಹಿಡಿದು ಡುಂಗಾ ಪತ್ರಿಕೆಯವರ ಕಡೆ ತಿರುಗಿ ಬೈದ. ಸಂತೋಷದ ಹೊತ್ತಿನಲ್ಲೂ ಸಿಟ್ಟು. ನನಗಂತೂ ಅದು ಅರ್ಥ ಆಗುತ್ತದೆ.

ನಾಲ್ಕು ವರ್ಷದ ಮೇಲೆ ಮಾರ್ಸೇಯಲ್ಲಿ ಹಾಲೆಂಡ್ ಎದುರಿನ ಸೆಮಿಫೈನಲ್‌ನಲ್ಲೂ ಬ್ರೆಜಿಲ್‌ನ ನಾಲ್ಕನೇ ಪೆನಾಲ್ಟಿ ಇವನದೇ, ಅದೂ ಒಳಗೆ. ನನ್ನ ಹುಡುಗರ ಪಟ್ಟಿಯಲ್ಲೂ ನಾಲ್ಕನೆಯದನ್ನು ನಡುಮೈದಾನದವನಿಗೆ ಇಡುತ್ತೇನೆ. ಆ ಹೊತ್ತಿಗೆ ಎಷ್ಟೋ ಸಲ ಪಂದ್ಯ ಈ ಕಡೆಗೋ ಆ ಕಡೆಗೋ ವಾಲಿರುತ್ತದೆ. ಪಂದ್ಯದುದ್ದಕ್ಕೂ ಇನ್ನೊಬ್ಬರಿಗಾಗಿ ಆಡಿದವನು ಅಲ್ಲಿ ಹೀರೋ ಆಗೋಕೆ ನೋಡುವುದಿಲ್ಲ, ಬಾಲ್ ಇಟ್ಟು ಹೊಡೆದು ಬರುತ್ತಾನೆ. 1998ರ ಫೈನಲ್ ಬಗ್ಗೆ ಹೆಚ್ಚು ಹೇಳಲ್ಲ. ಫ್ರಾನ್ಸ್ 3, ಬ್ರೆಜಿಲ್ 0.

ಅವನು ಕೋಚ್ ಆದ ಮೇಲಿನ ಕಥೆ ನನಗೆ ಅಷ್ಟು ಹಿಡಿಸಲಿಲ್ಲ. 2006ರಲ್ಲಿ ಒಂದು ತಂಡವನ್ನೂ ನಡೆಸಿದ ಅನುಭವ ಇಲ್ಲದೆ ನೇರ ರಾಷ್ಟ್ರೀಯ ತಂಡ. 2007ರ ಕೋಪಾ ಅಮೆರಿಕ, 2009ರ ಕಾನ್ಫೆಡರೇಷನ್ಸ್ ಕಪ್ ಗೆದ್ದ. 2010ರ ವರ್ಲ್ಡ್ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಹಾಲೆಂಡ್ ಎದುರು 2-1ರಲ್ಲಿ ಸೋತಾಗ ಕೆಂಪು ಕಾರ್ಡ್ ತಗೊಂಡದ್ದು ಫೆಲಿಪೆ ಮೆಲೊ. ಅವನದೂ ಅದೇ ಜಾಗ! ಆ ಜಾಗಕ್ಕೆ ಗಟ್ಟಿ ಕಾಲು ಹುಡುಕಿದ, ತನ್ನಂಥ ಕಣ್ಣು ಹುಡುಕಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆಟಗಾರನಾಗಿ ಮುಗಿಸಿದ್ದು ಮಾತ್ರ ಅಪ್ಪಟ ಡುಂಗಾ ಥರ. 1999ರಲ್ಲಿ ತಾನು ಶುರು ಮಾಡಿದ ಪೋರ್ಟೊ ಅಲೆಗ್ರೆಯ ಇಂಟರ್‌ನ್ಯಾಸಿಯೊನಾಲ್ ಕ್ಲಬ್‌ಗೆ ವಾಪಸ್ ಬಂದ. ತಂಡ ಕೆಳಗಿನ ಡಿವಿಷನ್‌ಗೆ ಬೀಳುವ ಹಾಗಿತ್ತು. ಕೊನೆಯ ಪಂದ್ಯ ಬೇರಾ-ರಿಯೊ ಸ್ಟೇಡಿಯಂನಲ್ಲಿ, ಪಾಲ್ಮೇರಾಸ್ ಎದುರು. 36 ವರ್ಷದ ಡುಂಗಾ ಹೆಡ್ ಮಾಡಿ ಗೋಲು ಹೊಡೆದ, 1-0, ತಂಡ ಉಳಿಯಿತು.

ಈ ಗೋಲು ತೋರಿಸಿದಾಗಲೆಲ್ಲ ಡಿಫೆನ್ಸ್‌ನ ಮುಂದೆ ಆಡುವ ನನ್ನ ಹುಡುಗರು ಕೇಳುವ ಪ್ರಶ್ನೆ ಒಂದೇ: ‘ಅಣ್ಣ, ಹಂಗಾದ್ರೆ ನಾನೂ ಮೇಲೆ ಹೋಗಬಹುದಾ?’ ಹೋಗು ಅಂತೇನೆ. ಹೋಗುವ ಮೊದಲು ನಿನ್ನ ಜಾಗಕ್ಕೆ ಒಬ್ಬನನ್ನು ಹೆಸರು ಹಿಡಿದು ಕೂಗು. ಅವನು ಬಂದು ನಿಂತದ್ದನ್ನು ಕಣ್ಣಾರೆ ನೋಡು. ಆಮೇಲೆ ಓಡು.