ಯಾವ ತರಗತಿಯ ಮೇಷ್ಟ್ರು? ಪದವಿ ಓದುತ್ತಿರುವಾಗಲೇ ತೀರ್ಮಾನಿಸಬೇಕಾದ ಸಂಗತಿ

ಬಿ.ಎಡ್. ದಾಖಲಾತಿಯ ದಿನಗಳಲ್ಲಿ ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆಯಿಂದ ಅಂಕಪಟ್ಟಿ ಹಿಡಿದು ಬರುವ ಪದವೀಧರರನ್ನು ನಾನು ಮೊದಲು ಕೇಳುವ ಪ್ರಶ್ನೆ, “ಯಾವ ತರಗತಿಗೆ ಪಾಠ ಮಾಡಬೇಕೆಂದಿದ್ದೀರಿ?” ಎಂಬುದು. “ಯಾವುದಾದರೂ ಸರಿ ಸಾರ್” ಎಂಬ ಉತ್ತರವೇ ಹೆಚ್ಚು. ಆದರೆ ತರಗತಿಗೆ ತಕ್ಕಂತೆ ವಿದ್ಯಾರ್ಹತೆ ಬದಲಾಗುವುದರಿಂದ, ಇದನ್ನು ಪದವಿಯ ಮೊದಲ ವರ್ಷದಲ್ಲೇ ಯೋಚಿಸಿದವರಿಗೆ ಮುಂದೆ ಒಂದೆರಡು ವರ್ಷ ಉಳಿಯುತ್ತದೆ.

ಒಂದರಿಂದ ಐದನೆಯ ತರಗತಿಯವರೆಗೆ ಕಲಿಸಲು ಬೇಕಾದದ್ದು ಡಿ.ಎಲ್.ಎಡ್. ಎಂಬ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ; ಬಿ.ಎಡ್. ಆ ಹಂತಕ್ಕೆ ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಆರರಿಂದ ಎಂಟಕ್ಕೆ ಪದವಿ, ಬಿ.ಎಡ್. ಅಥವಾ ಡಿ.ಎಲ್.ಎಡ್., ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಎರಡನೆಯ ಪತ್ರಿಕೆ ಬೇಕು. ಪ್ರೌಢಶಾಲೆಗೆ ಸಂಬಂಧಪಟ್ಟ ವಿಷಯದ ಪದವಿ ಮತ್ತು ಬಿ.ಎಡ್., ಪದವಿಪೂರ್ವ ಕಾಲೇಜಿನ ಉಪನ್ಯಾಸಕರಿಗೆ ಶೇ. 55 ಅಂಕಗಳ ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಎಡ್. ಬೇಕಾದರೆ, ಪದವಿ ಕಾಲೇಜಿಗೆ ಬಿ.ಎಡ್. ಅಗತ್ಯವೇ ಇಲ್ಲ, ಅಲ್ಲಿ ಕೇಳುವುದು ಸ್ನಾತಕೋತ್ತರ ಪದವಿಯನ್ನೂ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಯನ್ನೂ.

ಇವೆಲ್ಲಕ್ಕಿಂತ ಹೆಚ್ಚು ಮಂದಿ ಎಡವುವುದು ಪದವಿಯ ಐಚ್ಛಿಕ ವಿಷಯಗಳಲ್ಲಿ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಹುಡುಗಿ ಊರಿನ ಮಕ್ಕಳಿಗೆ ವರ್ಷಗಟ್ಟಲೆ ಗಣಿತದ ಮನೆಪಾಠ ಹೇಳಿ ಹೆಸರು ಮಾಡಿರಬಹುದು. ಆದರೂ ನೇಮಕಾತಿಯಲ್ಲಿ ನೋಡುವುದು ಅಂಕಪಟ್ಟಿಯ ಮೇಲೆ ಅಚ್ಚಾಗಿರುವ ವಿಷಯದ ಹೆಸರನ್ನು, ಮನೆಪಾಠವನ್ನಲ್ಲ. ಬಿ.ಎಡ್.ನಲ್ಲಿ ಆಯ್ದುಕೊಳ್ಳುವ ಬೋಧನಾ ವಿಷಯಗಳೂ ಪದವಿಯಲ್ಲಿ ಓದಿದ್ದಕ್ಕೆ ಹೊಂದಬೇಕು. ಹಾಗಾಗಿ ಹಿಂದಿನ ನೇಮಕಾತಿ ಅಧಿಸೂಚನೆಯೊಂದನ್ನು ತೆಗೆದು, ನಿಮಗೆ ಬೇಕಾದ ಹುದ್ದೆಯ ಎದುರಿಗೆ ಯಾವ ವಿಷಯಗಳನ್ನು ಕೇಳಿದ್ದಾರೆಂಬುದನ್ನು ಓದಿದ ಮೇಲೆ ಕಾಲೇಜಿನಲ್ಲಿ ವಿಷಯಗಳನ್ನು ಆರಿಸಿಕೊಳ್ಳಿ.

ನಿಮ್ಮ ತಮ್ಮನೋ ತಂಗಿಯೋ ಇನ್ನೂ ದ್ವಿತೀಯ ಪಿಯುಸಿಯಲ್ಲಿದ್ದರೆ ಅವರಿಗೆ ಬೇರೆ ದಾರಿಯಿದೆ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂತಹ ಕಡೆ ಪದವಿ ಮತ್ತು ಬಿ.ಎಡ್. ಎರಡನ್ನೂ ನಾಲ್ಕೇ ವರ್ಷಗಳಲ್ಲಿ ಒಟ್ಟಿಗೆ ಮುಗಿಸಬಹುದು. ಈ ಸಂಯೋಜಿತ ಕೋರ್ಸಿಗೆ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಪಕ್ಕದಲ್ಲೇ ಇರುವ ಸಂಸ್ಥೆಯಾದರೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇದರ ಹೆಸರನ್ನೇ ಕೇಳದವರಿದ್ದಾರೆ ಎಂಬುದು ನನ್ನ ಹಳೆಯ ಕೊರಗು.

ಪದವಿಯ ನಂತರದ ಬಿ.ಎಡ್. 2015ರಿಂದ ಎರಡು ವರ್ಷಗಳದ್ದು. ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 50 ಅಂಕ ಬೇಕು, ಮೀಸಲಾತಿಯವರಿಗೆ ವಿನಾಯಿತಿ ಇದೆ. ಸರ್ಕಾರಿ ಕೋಟಾದ ಸೀಟುಗಳು ಪದವಿಯ ಅಂಕಗಳ ಮೇಲೆಯೇ ಹಂಚಿಕೆಯಾಗುವುದರಿಂದ, ಮೊದಲ ಸೆಮಿಸ್ಟರಿನಿಂದಲೇ ಅಂಕಗಳ ಕಡೆ ಗಮನವಿರಲಿ. ಕಾಲೇಜು ಆರಿಸುವಾಗ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) ಮಾನ್ಯತೆ ಇದೆಯೇ ಎಂದು ಆ ಮಂಡಳಿಯ ಜಾಲತಾಣದಲ್ಲೇ ನೋಡಿ. “ನೀವು ಬರದಿದ್ದರೂ ಹಾಜರಾತಿ ನಾವು ನೋಡಿಕೊಳ್ಳುತ್ತೇವೆ” ಎನ್ನುವ ಕಡೆ ಸೇರಬೇಡಿ. ಎರಡು ವರ್ಷಗಳಲ್ಲಿ ಒಟ್ಟು ಇಪ್ಪತ್ತು ವಾರ ಶಾಲೆಯಲ್ಲಿ ಕಳೆಯಬೇಕಾದ ಇಂಟರ್ನ್‌ಶಿಪ್ಪೇ ಈ ಕೋರ್ಸಿನ ಜೀವಾಳ. ಪಾಠಯೋಜನೆಯಲ್ಲಿ ನಲವತ್ತು ನಿಮಿಷಕ್ಕೆಂದು ಬರೆದುಕೊಂಡದ್ದೆಲ್ಲ ಹದಿನೈದೇ ನಿಮಿಷದಲ್ಲಿ ಮುಗಿದು, ಹಿಂದಿನ ಬೆಂಚಿನವರು ನಿಮ್ಮ ಮುಖ ನೋಡುತ್ತಾ ಕುಳಿತ ದಿನ ಅದರ ಬೆಲೆ ತಿಳಿಯುತ್ತದೆ.

ಟಿಇಟಿಯನ್ನು ಬಿ.ಎಡ್. ಕೊನೆಯ ವರ್ಷದಲ್ಲೇ ಬರೆದುಬಿಡಿ. 150 ಅಂಕಗಳಿಗೆ ಸಾಮಾನ್ಯ ವರ್ಗದವರು 90 ಗಳಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಮ್ಮೆ ಪಾಸಾದರೆ ಜೀವನಪರ್ಯಂತ ಮಾನ್ಯ. ಎರಡನೆಯ ಭಾಷೆಯಾಗಿ ಇಂಗ್ಲಿಷ್ ತೆಗೆದುಕೊಂಡ ಕನ್ನಡ ಮಾಧ್ಯಮದವರು ಅದರ ಮೂವತ್ತು ಅಂಕಗಳನ್ನು ಹಗುರವಾಗಿ ಕಾಣಬಾರದು.

ಮುಂದೆ ಓದುವವರು ಎಂ.ಎಡ್. ಮತ್ತು ಎಂ.ಎ. ಶಿಕ್ಷಣ ಎಂಬ ಎರಡು ಹೆಸರುಗಳನ್ನು ಬೆರೆಸಿಕೊಳ್ಳಬಾರದು. ಎಂ.ಎಡ್. ಸಾಮಾನ್ಯವಾಗಿ ಬಿ.ಎಡ್. ಆದವರಿಗೆ, ಬಿ.ಎಡ್. ಕಾಲೇಜಿನಲ್ಲಿ ಗಣಿತ ಬೋಧನೆಯಂತಹ ವಿಷಯ ಕಲಿಸುವ ಆಸೆಯಿದ್ದರೆ ಅದರ ಜೊತೆಗೆ ಆ ವಿಷಯದ ಸ್ನಾತಕೋತ್ತರ ಪದವಿಯೂ ಬೇಕಾಗುತ್ತದೆ. ಎಂ.ಎ. ಶಿಕ್ಷಣಕ್ಕೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತಹ ಕಡೆ ಯಾವುದೇ ಪದವೀಧರರು ಅರ್ಜಿ ಹಾಕಬಹುದು. ಪಠ್ಯಕ್ರಮ, ಶಿಕ್ಷಣ ನೀತಿ, ಸ್ವಯಂಸೇವಾ ಸಂಸ್ಥೆಗಳ ಶಾಲಾ ಕೆಲಸ, ಸಂಶೋಧನೆ ಇವುಗಳತ್ತ ಒಲವಿರುವವರಿಗೆ ಅದು ಒಳ್ಳೆಯ ಓದು; ಆದರೆ ಅದು ಬಿ.ಎಡ್.ಗೆ ಬದಲಿಯಲ್ಲ. ಶ್ರವಣದೋಷವುಳ್ಳ ಮಕ್ಕಳೊಡನೆ ಕೆಲಸ ಮಾಡುವ ಮನಸ್ಸಿದ್ದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯ ವಿಶೇಷ ಶಿಕ್ಷಣದ ಬಿ.ಎಡ್. ಅನ್ನು ವಿಚಾರಿಸಿ. ಆ ಕಡೆ ಹೋಗುವವರು ಕಡಿಮೆ, ಅಗತ್ಯ ಮಾತ್ರ ದೊಡ್ಡದು.

ಇನ್ನು ಕಾಗದಪತ್ರಗಳು. ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಇದಕ್ಕೆ ಒಂದರಿಂದ ಹತ್ತರವರೆಗೆ ಓದಿದ ಶಾಲೆಗಳ ಪ್ರಮಾಣಪತ್ರ ಬೇಕು. ಐದನೆಯವರೆಗೆ ಊರಿನಲ್ಲಿ, ಆಮೇಲೆ ಪಕ್ಕದ ಹೋಬಳಿಯಲ್ಲಿ ಓದಿದವರು ಎರಡೂ ಕಡೆ ಮುಖ್ಯೋಪಾಧ್ಯಾಯರ ಸಹಿ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನೂ ಹಾಕಿಸಬೇಕು. ಟಿ.ಸಿ.ಯಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇನಿಷಿಯಲ್ ಇದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ. ದಸರೆಗೆ ಊರಿಗೆ ಹೋದಾಗ ಮಾಡಿಸೋಣ ಎಂದುಕೊಂಡರೆ ಆಗ ಶಾಲೆಗೂ ರಜೆ. ಅದಕ್ಕೆ ಮುಂಚೆ ಒಂದು ಶನಿವಾರ ಬೆಳಿಗ್ಗೆ ಹೋಗಿ, ದಾಖಲಾತಿ ಪುಸ್ತಕದಲ್ಲಿ ನಿಮ್ಮ ಹೆಸರನ್ನು ಕಣ್ಣಾರೆ ನೋಡಿ ಬನ್ನಿ.